ಗೋಲಿ ಗಿಸ್ಲೇನನ ಬಲಭುಜ

ಆ ರೆಫರಿಯ ಹತ್ತಿರ ನಾನು ಕೇಳಿದ್ದು ಒಂದೇ ಒಂದು ನಿಮಿಷ. ಕೊಡಲಿಲ್ಲ. ಹದಿನೇಳು ವರ್ಷವಾದರೂ ಅವನ ಮೇಲಿನ ಸಿಟ್ಟು ಇಳಿದಿಲ್ಲ.

ಆಗ ನಾನು ಬೆಲ್ಜಿಯಂನ ಲಿಯೇಜ್ ಹತ್ತಿರದ ಎರಡನೇ ದರ್ಜೆಯ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡುತ್ತಿದ್ದೆ. ಆ ವರ್ಷ ರಂಜಾನ್ ಸೆಪ್ಟೆಂಬರಿನಲ್ಲಿ ಬಂದಿತ್ತು. ಆಟದ ನಡುವೆಯೇ ಹೊತ್ತು ಮುಳುಗುತ್ತಿತ್ತು. ರೋಜಾ ಇದ್ದವರು ನಾವು ಮೂವರು. "ರೋಜಾ ಬಿಡೋಕೆ ಒಂದು ನಿಮಿಷ ಆಟ ನಿಲ್ಸಿ ಸಾರ್" ಎಂದರೆ, "ಹಸಿವಾದ್ರೆ ಮನೇಲಿರ್ಬೇಕಿತ್ತು" ಎಂದ. ನಾನು ಅವನ ಮೈಮೇಲೆ ಹೋಗುವವನೇ. ಹಿಂದಿನಿಂದ ಅಂಗಿ ಹಿಡಿದು ಎಳೆದವನು ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಗಿಸ್ಲೇನ್.

"ಮಿಮೂನ್, ಬಾಯಿ ಮುಚ್ಕೊಂಡು ಆಡು. ನಿಮಿಷ ನಾನು ಕೊಡಿಸ್ತೀನಿ."

ಗಿಸ್ಲೇನ್ ಹೆಂಚು ಹೊದಿಸುವವನ ಮಗ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಮ್ಮ ಬೈದರಷ್ಟೇ ಚರ್ಚಿಗೆ ಹೋಗುವವನು. "ನೀರೂ ಕುಡಿಯಲ್ವಾ? ನೀರೂ?" ಎಂದು ನಮ್ಮನ್ನು ದಿನಾ ಕೇಳುತ್ತಿದ್ದ. ಆವತ್ತು ಹೊತ್ತು ಮುಳುಗುತ್ತಿದ್ದಂತೆ, ಸೆಳೆತ ಬಂದವನ ಹಾಗೆ ಮೀನಖಂಡ ಹಿಡಿದುಕೊಂಡು ಬಿದ್ದ. ಗೋಲಿ ಬಿದ್ದರೆ ಆಟ ನಿಲ್ಲಲೇಬೇಕು. ನಾವು ಗೆರೆಯ ಹತ್ತಿರ ಓಡಿ ಖರ್ಜೂರ ತಿಂದು ನೀರು ಕುಡಿದೆವು. ಬುಧವಾರದ ಪಂದ್ಯದಲ್ಲೂ ಬಿದ್ದ.

"ಹೆರಿಗೆ ನೋವು ಬಂದೋಳ ಥರ ನರಳ್ತೀಯಲ್ಲೋ!" ಎಂದು ಛೇಡಿಸಿದೆ.

"ಮೂರು ಜನಕ್ಕೆ ಊಟ ಹಾಕ್ಬೇಕಲ್ಲಪ್ಪ, ಜೋರಾಗೇ ನರಳ್ಬೇಕು."

ಮೂರನೇ ಪಂದ್ಯದಲ್ಲಿ ಹೊತ್ತು ಮುಳುಗುವಾಗಲೇ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಚೆಂಡಿಗೆ ಹಾರಿದ ಗಿಸ್ಲೇನನಿಗೆ ಅವರ ಫಾರ್ವರ್ಡ್ ಯೊರಿಸ್ ಡಿಕ್ಕಿ ಹೊಡೆದ. ಗಿಸ್ಲೇನ್ ಬಿದ್ದು ನರಳಿದ. ನಾನು ಖರ್ಜೂರಕ್ಕೆ ಓಡಿದೆ. "ನಿಧಾನಕ್ಕೆ ಹೋಗಿ ಡಾಕ್ಟ್ರೇ, ಇನ್ನೂ ಇಬ್ರು ಕುಡೀಬೇಕು" ಎಂದು ಗೆರೆಯಲ್ಲಿದ್ದ ನಮ್ಮ ತಂಡದ ಡಾಕ್ಟರಿಗೆ ಹೇಳಿದೆ. ನಗುತ್ತಾ ವಾಪಸು ಬಂದೆ.

"ಆಯ್ತು, ಏಳೋ ನಾಟಕದವನೇ!" ಎಂದು ಅವನ ಬಲಗೈ ಹಿಡಿದು ಜಗ್ಗಿದೆ.

ಭುಜದ ಕೀಲು ಆಗಲೇ ತಪ್ಪಿತ್ತು. ಒಳಗೆ ಏನೋ ಹರಿದದ್ದು ನನ್ನ ಅಂಗೈಗೇ ಗೊತ್ತಾಯಿತು. ಒಮ್ಮೆ ಕಿರುಚಿ ಪ್ರಜ್ಞೆ ತಪ್ಪಿದ. ಉಳಿದವರೆಲ್ಲ ಯೊರಿಸನ ಜೊತೆ ಜಗಳಕ್ಕೆ ನಿಂತಿದ್ದರು. ಡಾಕ್ಟರು ಇನ್ನೂ ಗೆರೆಯಾಚೆ ಬ್ಯಾಗಿನ ಮೇಲೆ ಬಗ್ಗಿದ್ದರು. ನೋಡಿದವರು ಯಾರೂ ಇಲ್ಲ.

ಎರಡು ಆಪರೇಷನ್ ಆದರೂ ಆ ಕೈ ಭುಜಕ್ಕಿಂತ ಮೇಲೆ ಏಳಲಿಲ್ಲ. ಇಪ್ಪತ್ತೇಳಕ್ಕೇ ಅವನ ಆಟ ಮುಗಿಯಿತು. ಊರಿನ ಈಜುಕೊಳದಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದ. ಯೊರಿಸ್ ಕ್ಷಮೆ ಕೇಳಿ ಕಾಗದ ಬರೆದರೆ, "ಕೈ ಮುರಿದು ಕಾಗದ ಬರೀತಾನೆ" ಎಂದು ಹರಿದು ಹಾಕಿದ. ನಾನು ಜಗ್ಗಿದ್ದು ಗಿಸ್ಲೇನನಿಗೆ ನೆನಪಿರಲಿಲ್ಲ.

ಪ್ರತಿ ಈದ್‌ಗೂ ಹೆಂಡತಿ ಮಾಡಿದ ಎಳ್ಳು ಜೇನಿನ ಮಿಠಾಯಿ ತೆಗೆದುಕೊಂಡು, ಈ ಸಲ ಹೇಳಿಯೇ ಬಿಡಬೇಕೆಂದು ಅವನ ಮನೆಗೆ ಹೋಗುತ್ತಿದ್ದೆ.

"ಗಿಸ್ಲೇನ್, ಒಂದು ಮಾತು..."

"ಹೇಳೋ."

"ಜೇನು ಜಾಸ್ತಿ ಆಯ್ತಾ?"

ರಸ್ತೆಯಲ್ಲಿ ಹೋಗುವವರ ಮೇಲೆಲ್ಲಾ ಕೂಗಾಡುವ ಬಾಯಿ ನನ್ನದು.

ಕಳೆದ ಫೆಬ್ರವರಿಯಲ್ಲಿ ಗಿಸ್ಲೇನ್ ಹೃದಯ ನಿಂತು ಹೋಗಿಬಿಟ್ಟ. ಶವಸಂಸ್ಕಾರದ ದಿನ ಚರ್ಚಿನಲ್ಲಿ ಅವನ ಹೆಂಡತಿ ನಾದೇಜ್ ನನ್ನ ಕೈ ಹಿಡಿದಳು. "ಕೊನೇ ಸಾಲಲ್ಲಿ ಯೊರಿಸ್ ಬಂದು ಕೂತಿದಾನೆ. ಅವನ ಮುಖ ನೋಡೋಕಾಗಲ್ಲ ನಂಗೆ. ಕಳಿಸ್ಬಿಡಣ್ಣ."

ಹೋಗಿ ಹೇಳಿದೆ. ತಲೆ ನರೆತಿದ್ದ ಯೊರಿಸ್ ಎದ್ದು ಕೋಟು ಹಾಕಿಕೊಂಡ. "ಬೇಕೂಂತ ಮಾಡಿದ್ದಲ್ಲ ಅಂತ ನೀವಾದ್ರೂ ಅವ್ರಿಗೆ ಹೇಳ್ಬಹುದಿತ್ತು" ಎಂದ.

"ಹೌದು" ಎಂದೆ. ಅಷ್ಟೇ ಎಂದೆ. ಅವನು ಹೊರಗೆ ಹೋದ. ನಾನು ಬಾಗಿಲು ಮುಚ್ಚಿ ಒಳಗೆ ಬಂದೆ. ಒಬ್ಬನಿಗೆ ಬಾಕಿಯಿದ್ದ ಮಾತು ಆವತ್ತಿನಿಂದ ಇಬ್ಬರಿಗೆ ಬಾಕಿ.