ಪಾಟ್‌ಲಕ್ ಪಟ್ಟಿಗೆ ಬಂದ ದೋಣಿ

ಹಬ್ಬದೂಟಕ್ಕೆ ಯಾರು ಏನು ತರುತ್ತೇವೆಂದು ಹೆಸರು ಬರೆಯುವ, ಅಮೆರಿಕದ ನಮ್ಮ ಸ್ಟರ್ಲಿಂಗ್ ಹೈಟ್ಸ್ ಕನ್ನಡಿಗರ ಪಾಟ್‌ಲಕ್ ಪಟ್ಟಿಗೆ ಒಂದು ಅಲಿಖಿತ ಸಂವಿಧಾನವಿದೆ. ಪಟ್ಟಿ ವಾಟ್ಸ್ಯಾಪಿಗೆ ಬಿದ್ದ ಮೂರನೆಯ ನಿಮಿಷಕ್ಕೆ ‘ಪೇಪರ್ ಪ್ಲೇಟು’ ಖರ್ಚಾಗಿರುತ್ತದೆ. ಆಮೇಲೆ ‘ನ್ಯಾಪ್ಕಿನ್, ನೀರು’. ‘ಐವತ್ತು ಜನಕ್ಕೆ ಬಿಸಿಬೇಳೆಬಾತ್’ ಎಂಬ ಸಾಲು ಮಾತ್ರ ಹಬ್ಬದ ಹಿಂದಿನ ದಿನದವರೆಗೂ ವೈರಾಗ್ಯ ತಾಳಿ ಕೂತಿರುತ್ತದೆ. ಇಂಥ ಪಟ್ಟಿಯ ಮೂಲಕ ನಿರಾಶ್ರಿತರನ್ನು ಬರಮಾಡಿಕೊಳ್ಳಬಹುದೆಂದು ನಂಬಿದ್ದು ನನ್ನ ತಪ್ಪು.

ಪಕ್ಕದೂರು ವಾರೆನ್‌ನಲ್ಲಿ ನಾನು ಕೆಲಸ ಮಾಡುವ ಟೆಸ್ಟ್ ಲ್ಯಾಬಿನಲ್ಲಿ ಬರ್ಮಾದಿಂದ ತಪ್ಪಿಸಿಕೊಂಡು ಬಂದ ಟೆಕ್ನೀಶಿಯನ್ ಒಬ್ಬನಿದ್ದ. ಅವನ ಅಕ್ಕ ಇಬ್ಬರು ಮಕ್ಕಳೊಂದಿಗೆ ದೋಣಿ ಹತ್ತಿದ್ದಳು. ಎರಡು ದೇಶಗಳ ನೌಕಾಪಡೆಗಳು ಒಂದಾದ ಮೇಲೊಂದು ಎದುರಾಗಿ, ನೀರು ಬಿಸ್ಕತ್ತು ಕೊಟ್ಟು ಉಪಚರಿಸಿ, ದೋಣಿಯನ್ನು ಮತ್ತೆ ನಡುಗಡಲಿಗೇ ಎಳೆದು ಬಿಟ್ಟಿದ್ದವು. ತಾಂಬೂಲವೊಂದು ಬಾಕಿ. ಮೂರನೆಯ ದೇಶದ ಮೀನುಗಾರರು ಸರ್ಕಾರವನ್ನು ಕೇಳುವ ಗೋಜಿಗೆ ಹೋಗದೆ ದಡಕ್ಕೆ ತಂದರು. ಅಲ್ಲಿನ ಶಿಬಿರದಲ್ಲಿ ಅವಳು ಕಾಯುತ್ತಿದ್ದಳು. ಐದು ಜನ ಸೇರಿ ಹೊಣೆ ಹೊತ್ತರೆ ಅಂಥವರನ್ನು ಕರೆಸಿಕೊಳ್ಳಲು ಆಗ ಅಮೆರಿಕದಲ್ಲಿ ಅವಕಾಶವಿತ್ತು. ತಮ್ಮನೇ ನಾಲ್ವರೊಡನೆ ಒಂದು ಕೋಣೆಯಲ್ಲಿದ್ದ. ಹಾಗಾಗಿ ಮೊದಲ ಮೂರು ತಿಂಗಳಿಗೆ ಅವರಿಗೊಂದು ಮನೆ ಬೇಕಿತ್ತು.

ನಾನು ಪಟ್ಟಿ ಹಾಕಿದೆ. ಹಳೆ ಬಟ್ಟೆಗೆ ಹನ್ನೊಂದು ಹೆಸರು, ಏರ್‌ಪೋರ್ಟ್ ಪಿಕಪ್ಪಿಗೆ ಆರು, ಮನೆಗೆ ಸೊನ್ನೆ.

ಆ ಭಾನುವಾರ ನಮ್ಮಲ್ಲೇ ಹಿರಿಯರಾದ ಅಂಕಲ್ ಒಬ್ಬರ ಬೇಸ್‌ಮೆಂಟಿನಲ್ಲಿ ಸೇರಿದೆವು. ಬಾತ್‌ರೂಮು, ಪುಟ್ಟ ಅಡುಗೆಮನೆ ಸಮೇತ ಅದೇ ಒಂದು ಮನೆ. ಪಂಜಾಬಿಗಳಿದ್ದ ಹಡಗನ್ನು ಕೆನಡಾ ಹಿಂದೊಮ್ಮೆ ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ ವಾಪಸ್ ಅಟ್ಟಿದ್ದನ್ನೂ, ಯಹೂದಿಗಳ ಹಡಗನ್ನು ಇದೇ ಅಮೆರಿಕ ತೀರದ ದೀಪ ಕಾಣುವಷ್ಟು ಹತ್ತಿರದಿಂದ ಹಿಂತಿರುಗಿಸಿದ್ದನ್ನೂ ಅಂಕಲ್ ಗದ್ಗದಿತರಾಗಿ ವಿವರಿಸಿದರು.

“ಇಳಿಯೋಕೇ ಬಿಡ್ಲಿಲ್ಲ ಕಣ್ರೀ. ಮನುಷ್ಯರಾ ಅವ್ರು?”

“ಹಾಗಾದ್ರೆ ಅಂಕಲ್, ಈ ಬೇಸ್‌ಮೆಂಟು...” ಎಂದೆ.

“ಇದಾ? ಇಲ್ಲಿ ಹ್ಯುಮಿಡಿಟಿ ಜಾಸ್ತಿ ಕಣಪ್ಪ. ಮಕ್ಕಳಿಗೆ ಒಳ್ಳೇದಲ್ಲ.”

ಟಾರ್ಪಾಲಿನಡಿ ಮಲಗುತ್ತಿದ್ದ ಆ ಮಕ್ಕಳ ಶ್ವಾಸಕೋಶದ ಬಗ್ಗೆ ಇಷ್ಟು ಕಾಳಜಿಯನ್ನು ಯಾವ ಸರ್ಕಾರವೂ ತೋರಿರಲಿಲ್ಲ.

ಪಕ್ಕದಲ್ಲಿದ್ದ ಹುಬ್ಬಳ್ಳಿಯ ಡಾಕ್ಟರು ದನಿಗೂಡಿಸಿದರು. “ನಮ್ಮಲ್ಲಿ ಹೋಂ ಥಿಯೇಟರ್ ಐತ್ರಿ. ಸಣ್ಣ ಹುಡುಗ್ರು ಸೌಂಡಿಗೆ ಅಂಜತಾವ. ನೀವೇ ಇಟ್ಕೋರಲಾ, ನಿಮ್ಮ ಮನಿ ದೊಡ್ಡದೈತಿ.”

ನಾನು ಗಂಟಲು ಸರಿಪಡಿಸಿಕೊಂಡು, ನಮ್ಮ ಬೇಸ್‌ಮೆಂಟಿನಲ್ಲಿ ಟ್ರೆಡ್‌ಮಿಲ್ ಇದೆ ಎಂದೆ. ಸಭೆ ಅದನ್ನು ಸಹಾನುಭೂತಿಯಿಂದ ಅಂಗೀಕರಿಸಿತು. ಆ ಟ್ರೆಡ್‌ಮಿಲ್ಲಿನ ಮೇಲೆ ವರ್ಷಗಳಿಂದ ಸೀರೆ ಬಿಟ್ಟು ಬೇರೇನೂ ಹತ್ತಿಲ್ಲವೆಂದು ಬಲ್ಲ ನನ್ನ ಹೆಂಡತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

ಹೀಗೇ ಎರಡು ತಿಂಗಳು ಕಳೆದವು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ಹೊಸದು ಬಂದ ಕೂಡಲೇ ನಿರಾಶ್ರಿತರಿಗೆ ಬಾಗಿಲು ಮುಚ್ಚಿತು. ಸುದ್ದಿಯನ್ನು ಗ್ರೂಪಿಗೆ ತಿಳಿಸಿದೆ.

ಆಮೇಲೆ ನಡೆದದ್ದು ಪವಾಡ. ಸಂಜೆಯೊಳಗೆ ಮನೆಯ ಸಾಲಿನಲ್ಲಿ ನಾಲ್ಕು ಹೆಸರು ಕಾಣಿಸಿಕೊಂಡವು. ಅಂಕಲ್ ಬೇಸ್‌ಮೆಂಟಿನ ತೇವ ಆರಿತ್ತು. ಡಾಕ್ಟರ ಹೋಂ ಥಿಯೇಟರ್ ಮೌನವ್ರತ ಹಿಡಿದಿತ್ತು. “ನಾವೆಲ್ಲ ರೆಡಿ ಇದ್ವಿ, ಸರ್ಕಾರಾನೇ ಬಿಡ್ಲಿಲ್ಲ” ಎಂದು ಅಂಕಲ್ ಬರೆದರು. ನಾಲ್ಕನೆಯ ಹೆಸರು ನನ್ನದು.

“ಟ್ರೆಡ್‌ಮಿಲ್ ಎಲ್ಲಿಗ್ ಹೋಯ್ತಂತೆ?” ಎಂದಳು ಹೆಂಡತಿ.

ಮರುದಿನ ಲ್ಯಾಬಿನಲ್ಲಿ ಈ ನಾಲ್ಕು ಮನೆಗಳ ವಿಷಯವನ್ನು ಸಮಾಧಾನವೆಂಬಂತೆ ಆ ಟೆಕ್ನೀಶಿಯನ್‌ಗೆ ಹೇಳಿದೆ. ಅವನು ಗ್ಲೌಸ್ ಬಿಚ್ಚಿದ. ಬಾಗಿಲು ಮತ್ತೆಂದಾದರೂ ತೆರೆದರೆ ಅಕ್ಕನ ಅರ್ಜಿ ತಡವಾಗಬಾರದು, ನಾಲ್ವರಲ್ಲಿ ಯಾರಾದರೊಬ್ಬರು ಈಗಲೇ ವಿಳಾಸ ಬರೆದು ಸಹಿ ಹಾಕಿ ಕೊಡುವರೇ ಎಂದು ಕೇಳಿದ. ನಾನು ಗ್ರೂಪಿನಲ್ಲಿ ಕೇಳಿದೆ. ಮೂರು ಕಡೆಯಿಂದ ಕೈಮುಗಿದ ಚಿತ್ರಗಳು ಬಂದವು.

ಅವನು ಹೋಗಲಿಲ್ಲ. ಯಾವುದೋ ಟೆಸ್ಟ್ ರಿಪೋರ್ಟನ್ನು ಮಗುಚಿ, ಅದರ ಖಾಲಿ ಬೆನ್ನನ್ನೂ ಒಂದು ಪೆನ್ನನ್ನೂ ನನ್ನ ಮುಂದಿಟ್ಟು ನಿಂತ. ವಿಳಾಸ ಬರೆದೆ. ಸಹಿಯನ್ನೂ ಹಾಕಿದೆ. ಅವನು ಎರಡು ಸಲ ಓದಿದ.

“ಸಾರ್, ಜಿಪ್ ಕೋಡ್ ಬಿಟ್ಟಿದ್ದೀರಿ,” ಎಂದು ಪೆನ್ನನ್ನು ಮತ್ತೆ ನನ್ನ ಕೈಗಿತ್ತ.