ಆಯಿ ಬೈದು ತಂದ ಹೊನ್ನೆ ದಿಮ್ಮಿ

ಆಗ ನಮ್ಮ ಕಡೆ ಇನ್ನೂ ಕಾಲುವೆ ಬಂದಿರಲಿಲ್ಲ. ಸಿಂಧನೂರಿನಿಂದ ಮಸ್ಕಿಯವರೆಗೂ ಕರಿಮಣ್ಣಿನ ಹೊಲ, ಅದರಲ್ಲಿ ಜೋಳ, ಕುಸುಬೆ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ದೊಡ್ಡವರ ಗಂಟಿನಲ್ಲಿ ನಿಜಾಮರ ಹಾಲಿ ರೂಪಾಯಿ. ನಿಮ್ಮಲ್ಲಿ ಯಾರಾದರೂ ಆ ದಿನಗಳಲ್ಲಿ ಬಡಿಗರ ಓಣಿಯಲ್ಲಿ ಬೆಳೆದಿದ್ದರೆ, ಬೆಳಗಾಗೆದ್ದರೆ ಮೂಗಿಗೆ ಬಡಿಯುತ್ತಿದ್ದ ಹಸಿ ಕಟ್ಟಿಗೆಯ ಒಗರು ವಾಸನೆ ನೆನಪಿರುತ್ತದೆ. ಅಪ್ಪ ರಂದಾ ಹೊಡೆಯುತ್ತಿದ್ದರೆ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಸಿಪ್ಪೆಯನ್ನು ನಾವು ಹುಡುಗಿಯರು ಬಾಚಿಕೊಂಡು ಬಳೆ ಮಾಡಿಕೊಳ್ಳುತ್ತಿದ್ದೆವು, ಕಿವಿಗೆ ಜೋತು ಹಾಕಿಕೊಂಡು ಮದುವೆಯಾಟ ಆಡುತ್ತಿದ್ದೆವು. ನಮ್ಮಷ್ಟು ಒಡವೆ ಯಾವ ದೇಸಾಯರ ಮಕ್ಕಳಿಗೂ ಇರಲಿಲ್ಲ ಬಿಡಿ.

ಒಡವೆ ಇತ್ತು, ಬಾಗಿಲು ಇರಲಿಲ್ಲ. ಅರ್ಧ ಮಸ್ಕಿಗೆ ಬಾಗಿಲು ಮಾಡಿಕೊಟ್ಟ ನಮ್ಮಪ್ಪ ಮೋನಪ್ಪ ಬಡಿಗನ ಮನೆಗೇ ಬಾಗಿಲಿಲ್ಲ! ತೊಗರಿ ಕಟ್ಟಿಗೆಯಿಂದ ಹೆಣೆದ ತಟ್ಟಿಯೊಂದನ್ನು ಅಡ್ಡ ಇಟ್ಟು ಹಗ್ಗ ಬಿಗಿಯುತ್ತಿದ್ದೆವು. ನಾಯಿಗಳಿಗೆ ಆ ಹಗ್ಗದ ಗಂಟು ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವ್ವ ಸಜ್ಜೆ ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ನೀರಿಗೆ ಹೋಗಿ ಬರುವಷ್ಟರಲ್ಲಿ ಬುಟ್ಟಿ ಖಾಲಿ.

ಆಯಿ, ಅಂದರೆ ಅಪ್ಪನ ತಾಯಿ, ಇದನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಬೀಗತಿಯ ಮಾತು. ಹಿಂದಿನ ಪಂಚಮಿಗೆ ಲಿಂಗಸುಗೂರಿನಿಂದ ನಮ್ಮ ಸೋದರತ್ತೆಯ ಜೊತೆ ಅವಳ ಅತ್ತೆಯೂ ಬಂದಿದ್ದಳು. ಆ ಮುದುಕಿ ತಟ್ಟಿ ಸರಿಸಿ ಒಳಗೆ ಬಂದವಳೇ, "ಬಡಿಗ್ಯಾರ ಮನಿ ಅಂದಿದ್ರು, ಕುರಿದೊಡ್ಡಿಗೆ ಬಂದೀನೇನೋ ಅನಸ್ತು ನೋಡ್ರಿ" ಅಂದಳು. ಆಯಿ ಬೀಗತಿಯ ಎದುರಿಗೆ ನಕ್ಕಳು. ಆಕೆ ಅತ್ತ ಹೋದ ಮೇಲೆ ವರ್ಷವಿಡೀ ಅಪ್ಪನ ಬೆನ್ನು ಹತ್ತಿದಳು.

"ಬರೂ ಪಂಚಮಿಗೆ ಆಕಿ ಬರೂದ್ರೊಳಗ ಬಾಗಲಾ ನಿಲ್ಲಬೇಕು ನೋಡು ಮೋನ್ಯಾ. ಇಲ್ಲಂದ್ರ ನಾನ ಹೊಸ್ತಲದಾಗ ಅಡ್ಡ ನಿಂದರತೀನಿ, ದಾಟಿ ಬರಲಿ!"

ಅಪ್ಪನಿಗೆ ಕೆಲಸ ಭಾರವಾಗಿರಲಿಲ್ಲ, ಕಟ್ಟಿಗೆ ಕೊಳ್ಳುವುದು ಭಾರವಾಗಿತ್ತು. ನಮ್ಮ ಸೀಮೆಯಲ್ಲಿ ಜಾಲಿ, ಬೇವು ಬಿಟ್ಟರೆ ಗಟ್ಟಿ ಮರವೇ ಇಲ್ಲ. ಹೊರಗಿನಿಂದ ಬಂದದ್ದಕ್ಕೆ ಬೆಲೆ ಜಾಸ್ತಿ. ಅದರ ಮೇಲೆ ಅಪ್ಪನಿಗೊಂದು ರೋಗ. ಒಳ್ಳೆಯ ಕಟ್ಟಿಗೆ ಕಂಡರೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಲಿಂಗಸುಗೂರಿನ ಕಟ್ಟಿಗೆ ಅಡ್ಡೆಯಲ್ಲಿ ಒಂದು ಸಾಗವಾನಿ ಹಲಗೆ ಕಂಡು, ಬೆಲೆ ಕೇಳುವ ಮೊದಲೇ, "ಆಹಾ, ಎಳಿ ನೋಡ್ರಿ ಸಾಹೇಬ್ರ, ಒಂದ ಒಂದು ಗಂಟಿಲ್ಲ!" ಅಂದನಂತೆ. ಅಲ್ಲಿಯವರೆಗೆ ಹಲಗೆಯ ಮೇಲೆ ಕಾಲಿಟ್ಟು ಕೂತಿದ್ದ ಅಂಗಡಿಯವನು ಕಾಲು ತೆಗೆದು, ಧೂಳು ಒರೆಸಿ, ಬೆಲೆ ಏರಿಸಿದ. ಸಿಂಧನೂರಿನ ಸಂತೆಯಲ್ಲಿ ಮತ್ತಿ ತೊಲೆಯೊಂದರ ಮುಂದೆಯೂ ಇದೇ ಆಯಿತು. ಬರಿಗೈಯಲ್ಲಿ ಬಂದ ಮಗನನ್ನು ನೋಡಿ ಆಯಿ ಹಣೆ ಬಡಿದುಕೊಂಡಳು.

"ಹೆಣ್ಣ ನೋಡಾಕ ಹೋದ ಗಂಡೂ ಹಿಂಗ ಹಲ್ಲ ಕಿಸಿಯಂಗಿಲ್ಲಲೇ!"

ಕಾರಹುಣ್ಣಿಮೆಯ ಮರುವಾರ ಪಕ್ಕದ ಮನೆಯ ಬಸಣ್ಣ ಮಾವ ಸುದ್ದಿ ತಂದ. ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಿ ಅವನ ಹೆಂಡತಿಯ ತವರು. ಹೋದ ವರ್ಷದ ಪ್ರವಾಹ ಮಲೆನಾಡಿನಿಂದ ಒಂದು ದಿಮ್ಮಿಯನ್ನು ಹೊತ್ತು ತಂದಿತ್ತು. ಹರಿಗೋಲು ಹಾಕುವ ಅಂಬಿಗರ ಹನುಮಂತ ಅದನ್ನು ಹಗ್ಗ ಹಾಕಿ ದಡಕ್ಕೆಳೆದಿದ್ದ. ಅದು ಅವನ ಗುಡಿಸಲಿನ ಮುಂದೆ ಬಿದ್ದಿದೆ, ಬಂದವರು ಅದರ ಮೇಲೆ ಕೂರುತ್ತಾರೆ.

"ಆದ್ರ ಮಳಿ ಬಂದು ನೆಂದಾಗ ಕುಂತ್ರ ಮಾತ್ರ ಧೋತರಕ್ಕ ಹಳದಿ ಕಲಿ ಹತ್ತತದಪಾ" ಅಂದ ಬಸಣ್ಣ ಮಾವ.

ಅಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಹೊನ್ನಿ! ಯವ್ವಾ, ಅದು ಹೊನ್ನಿ ಮರ! ವರ್ಷ ಒಣಗೇದ ಅಂದ್ರ ಬಂಗಾರ!"

"ಇದ ಬಾಯಿ ಅಲ್ಲಿ ತಗೀಬ್ಯಾಡ" ಎಂದ ಆಯಿ, ವ್ಯಾಪಾರಕ್ಕೆ ತಾನೇ ಬರುವುದಾಗಿ ಹೇಳಿದಳು. ನನ್ನನ್ನೂ ಜೊತೆಗೆ ಕರೆದುಕೊಂಡಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಬಸಣ್ಣ ಮಾವನ ಚಕ್ಕಡಿಯಲ್ಲಿ ಹೊರಟೆವು. ಸಿಂಧನೂರಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಹೊಳೆಯ ದಾರಿ ಹಿಡಿದೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ದಾರಿಯುದ್ದಕ್ಕೂ ಅಪ್ಪ ಹೊನ್ನೆಯ ಗುಣಗಾನ ಮಾಡಿದ. ಅಲ್ಲಿ ಹೋದ ಮೇಲೆ ಸುಮ್ಮನಿರುವುದಕ್ಕಾಗಿ ಇಲ್ಲೇ ಎಲ್ಲ ಮುಗಿಸುತ್ತಿದ್ದಾನೆ ಅಂದುಕೊಂಡೆ. ಊರ ಮುಂದೆ ಆಯಿ ಚಕ್ಕಡಿ ನಿಲ್ಲಿಸಿ, ದೊಡ್ಡದೊಂದು ಎಲೆಯಡಿಕೆ ಮಡಚಿ ಅಪ್ಪನ ಬಾಯಿಗೆ ತುರುಕಿದಳು. ಕೆನ್ನೆ ಉಬ್ಬಿ ಅಪ್ಪನಿಗೆ ಉಸಿರಾಡುವುದೇ ಕಷ್ಟವಾಯಿತು.

"ನಾ ಅನ್ನೂತನಾ ಉಗಳಬ್ಯಾಡ. ಈರಿ, ನೀ ನಿಮ್ಮಪ್ಪನ ಎರಡೂ ಕೈ ಹಿಡಕೊಂಡ ನಿಂದ್ರು. ಕಟಗಿ ಮ್ಯಾಲ ಕೈ ಆಡಸಾಕ ಹೋದ್ರ ಜಗ್ಗು."

ಹನುಮಂತನ ಹೆಂಡತಿ ಗಂಗಮ್ಮ ದಿಮ್ಮಿಯ ಮೇಲೆಯೇ ಕೂತು ಮೀನು ಹಸನು ಮಾಡುತ್ತಿದ್ದಳು. ದಿಮ್ಮಿಯೋ, ಮಣ್ಣು ಮೆತ್ತಿ ಕಪ್ಪಗಾಗಿ, ತೊಗಟೆ ಸುಲಿದು, ನೋಡಿದರೆ ಎಮ್ಮೆ ಮಲಗಿದ ಹಾಗಿತ್ತು. ಹನುಮಂತ ಬಲೆ ಬಿಡಿಸುತ್ತಾ ಕೂತಿದ್ದ. ಆಯಿ ದಿಮ್ಮಿಯ ಕಡೆ ನೋಡಲೇ ಇಲ್ಲ. ಮೀನು ಕೇಳಿದಳು, ಮಳೆ ಕೇಳಿದಳು, ಮಕ್ಕಳ ಸುದ್ದಿ ಕೇಳಿದಳು. ಕೊನೆಗೆ ಎದ್ದು ನಿಂತು, ಆಗಷ್ಟೇ ಕಣ್ಣಿಗೆ ಬಿದ್ದವಳ ಹಾಗೆ, "ಇದೇನಬೇ ತಂಗಿ, ಬಾಗಲ ಮುಂದ ಹೆಣ ಚೆಲ್ಲಿದಂಗ ಚೆಲ್ಲೀರಿ?" ಅಂದಳು.

"ಹೊಳ್ಯಾಗ ಬಂದಿದ್ದು ರೀ. ಬೇಕೇನು?"

"ಇದನ್ನ ಒಯ್ದು ಏನ ಮಾಡೂದು? ಅರಿವಿಗೆ ಕಲಿ ಹತ್ತಸತದ. ನೀರ ಕುಡದು ಒಳಗ ಕೊಳತಿರತದ. ತುದಿ ನೋಡು, ಸೀಳೇತಿ. ಒಲಿಗೆ ಹಾಕಿದ್ರ ಬರೇ ಹೊಗಿ."

ಆಯಿ ಒಂದೊಂದು ಬೈಗುಳ ಬೈದಾಗಲೂ ಅಪ್ಪನ ಕೈ ನನ್ನ ಕೈಯಲ್ಲಿ ಚಡಪಡಿಸುತ್ತಿತ್ತು. ಅವನ ಗಂಟಲಿನಿಂದ "ಊಂ, ಊಂ" ಎಂಬ ಸದ್ದು ಬರುತ್ತಿತ್ತು. ಗಂಗಮ್ಮ ಆಯಿಯ ಮಾತು ಕೇಳುತ್ತಿದ್ದಳು, ನೋಡುತ್ತಿದ್ದದ್ದು ಮಾತ್ರ ಅಪ್ಪನನ್ನು. ಸ್ವಲ್ಪ ಹೊತ್ತಿಗೆ ಎದ್ದು ಸೆರಗು ಸಿಗಿಸಿದಳು.

"ಖರೇ ಅಂತೀ ಯಮ್ಮಾ. ನನಗೂ ಬ್ಯಾಸರಾಗೇತಿ ಇದರ ಕಾಟ. ಏ ಇವನ, ಕೊಡ್ಲಿ ಕೊಡು. ಹೊಗಿ ಆದ್ರ ಆಗಲಿ, ಸೀಳಿ ಒಲಿಗೆ ಹಾಕತೀನಿ."

ಹನುಮಂತ ನಗು ನುಂಗಿಕೊಂಡು ಕೊಡಲಿ ಕೊಟ್ಟ. ಗಂಗಮ್ಮ ಎರಡೂ ಕೈಯಿಂದ ಎತ್ತಿದಳು. ಅಷ್ಟರಲ್ಲಿ ಅಪ್ಪ ನನ್ನನ್ನೂ ಎಳೆದುಕೊಂಡು ಹೋಗಿ ದಿಮ್ಮಿಯ ಮೇಲೆ ಬೋರಲು ಬಿದ್ದ. ಬಾಯೊಳಗಿನ ಎಲೆಯಡಿಕೆಯೆಲ್ಲ ಆಯಿಯ ಬಿಳಿ ಸೆರಗಿನ ಮೇಲೆ.

"ಬ್ಯಾಡ್ರೀ ಯವ್ವಾ! ಕೈ ಮುಗಿತೀನಿ! ಇಂಥಾ ಹೊನ್ನಿ ನಾ ಜನ್ಮದಾಗ ನೋಡಿಲ್ಲ!"

ಗಂಗಮ್ಮ ಕೊಡಲಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ಲಬೇ ಯಮ್ಮಾ, ಒಲಿಗೆ ಕಟಗಿ ಒಯ್ಯಾಕ ಮಸ್ಕಿಲಿಂದ ಚಕ್ಕಡಿ ಕಟಗೊಂಡ ಯಾರರೆ ಬರ್ತಾರೇನು? ಇವನ ಮಾರಿ ನೋಡೇ ನನಗ ತಿಳೀತು. ಯಾವ ಸಾವಕಾರನ ಮನಿಗೆ ಇದು?"

ಇನ್ನು ಬೆಲೆ ಆಕಾಶಕ್ಕೆ ಹೋಯಿತು ಅಂದುಕೊಂಡು ಆಯಿ ನೆಲ ನೋಡುತ್ತಿದ್ದಳು. ಅಪ್ಪ ದಿಮ್ಮಿಯ ಮೇಲಿಂದ ಏಳದೆಯೇ ಹೇಳಿದ: "ನಮ್ಮ ಮನಿಗೇ ರೀ. ನಮ್ಮ ಮನಿಗೆ ಬಾಗಲಿಲ್ಲ."

ಬಡಿಗನ ಮನೆಗೆ ಬಾಗಿಲಿಲ್ಲ ಎಂಬುದನ್ನು ಕೇಳಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಯಿ ಇನ್ನು ಮುಚ್ಚಿಡುವುದೇನು ಎಂದು ಬೀಗತಿಯ ಮಾತನ್ನೂ ಹೇಳಿಬಿಟ್ಟಳು. ಕುರಿದೊಡ್ಡಿ ಎಂದದ್ದಕ್ಕೆ ಗಂಗಮ್ಮನಿಗೆ ಆಯಿಗಿಂತ ಹೆಚ್ಚು ಸಿಟ್ಟು ಬಂತು. "ಹಂಗ ಅಂದ್ಲಾ? ಒಯ್ಯಿರಿ, ಆಕಿ ಮಾರಿ ಮುಂದ ನಿಲ್ಲಸ್ರಿ" ಅಂದಳು. ಅವಳು ಹೇಳಿದ ಬೆಲೆಯ ಮೇಲೆ ಆಯಿ ಒಂದು ಮಾತೂ ಆಡಲಿಲ್ಲ. ಅದು ನ್ಯಾಯದ ಬೆಲೆ, ಆಯಿ ಮನಸ್ಸಿನಲ್ಲಿ ಇಟ್ಟುಕೊಂಡು ಬಂದದ್ದೂ ಅಷ್ಟೇ ಎಂದು ಆಮೇಲೆ ಅವ್ವನ ಹತ್ತಿರ ಒಪ್ಪಿಕೊಂಡಳು. ಮೇಲೆ ಒಂದೇ ಒಂದು ಕೇಳಿಕೆ: ಹರಿಗೋಲು ನಡೆಸಲು ಒಂದು ಹೊಸ ಹುಟ್ಟು. ಅಪ್ಪ ಅವತ್ತು ಮಧ್ಯಾಹ್ನವೇ ಅವರ ಹಿತ್ತಲಿನ ಬೇವಿನ ತುಂಡಿನಲ್ಲಿ ಅದನ್ನು ಕೆತ್ತಿಕೊಟ್ಟ. ನನ್ನನ್ನು ಹನುಮಂತ ಹರಿಗೋಲಿನಲ್ಲಿ ಕೂರಿಸಿ, ಗಿರಗಿರ ತಿರುಗಿಸಿ, ಕಿರುಚುವವರೆಗೂ ಬಿಡಲಿಲ್ಲ. ರಾತ್ರಿ ಊಟಕ್ಕೆ ಅವರ ಮನೆಯ ರೊಟ್ಟಿ, ಬದನೆಕಾಯಿ.

ಆಷಾಢವೆಲ್ಲ ನಮ್ಮ ಅಂಗಳದಲ್ಲಿ ಗರಗಸದ ಸದ್ದು. ಮೊದಲ ಸೀಳು ಬಿಚ್ಚಿದಾಗ ಕರಿ ಎಮ್ಮೆಯ ಹೊಟ್ಟೆಯೊಳಗೆ ಜೇನಿನ ಬಣ್ಣ. ಓಣಿಯವರೆಲ್ಲ ಬಂದು ನೋಡಿದರು. ಅಪ್ಪ ಹೊಗಳಿ ಹೊಗಳಿ ದಣಿದ. ಆಯಿ ಮಾತ್ರ ತುಟಿ ಬಿಚ್ಚಲಿಲ್ಲ. ವ್ಯಾಪಾರದಲ್ಲಿ ಸೋತದ್ದು ಅವಳಿಗೆ ಅದೇ ಮೊದಲು.

ಪಂಚಮಿಯ ಹಿಂದಿನ ದಿನ ಬಾಗಿಲು ನಿಂತಿತು. ಅತ್ತೆ ಬಂದಳು, ಅವಳ ಅತ್ತೆಯೂ ಬಂದಳು. ಮುಚ್ಚಿದ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ನೋಡಿ ಆ ಮುದುಕಿ ಚಿಲಕ ಬಡಿದು ಕಾದು ನಿಂತಳು. ಆಯಿ ಒಳಗಿದ್ದೂ ಕೂಡಲೇ ತೆರೆಯಲಿಲ್ಲ. "ಬಡೀಲಿ, ಇನ್ನೊಂದ ಸಲ ಬಡೀಲಿ" ಎಂದು ನಮ್ಮ ಬಾಯಿ ಮುಚ್ಚಿಸಿದಳು. ಎಲ್ಲರೂ ಅಳ್ಳು, ಉಂಡಿ ತಿಂದು ಜೋಕಾಲಿ ಆಡಲು ಹೋದ ಮೇಲೆ ನಾನು ನೀರಿಗೆಂದು ಒಳಗೆ ಓಡಿ ಬಂದೆ. ಆಯಿ ಹೊಸ್ತಿಲ ಬಳಿ ಒಬ್ಬಳೇ ಕೂತು ಬಾಗಿಲ ಮೇಲೆ ಕೈಯಾಡಿಸುತ್ತಿದ್ದಳು. "ಎಂಥಾ ಕಟಗೀನ ನನ್ನವ್ವಾ, ಎಂಥಾ ಕಟಗಿ" ಎನ್ನುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನನಗೂ ಯಾಕೋ ಅಳು ಬಂತು, ನೀರು ಕುಡಿಯದೇ ಓಡಿಹೋದೆ.

ಆಮೇಲೆ ನಿಜಾಮರ ರಾಜ್ಯ ಹೋಯಿತು. ಹೊಳೆಗೆ ಅಣೆಕಟ್ಟು ಆಯಿತು. ಹೊಳೆ ಮರ ತರುವುದನ್ನು ಬಿಟ್ಟಿತು, ಕಾಲುವೆ ನೀರು ತಂದಿತು, ಮುಕ್ಕುಂದದ ತುಂಬ ಭತ್ತ ಬಂತು. ಜನ ಹೊಟ್ಟೆ ತುಂಬ ಉಂಡರು, ಅದಕ್ಕೆ ನನ್ನ ದೂರಿಲ್ಲ. ಮಸ್ಕಿಯ ಆ ಮನೆ ಕೆಡವಿದಾಗ ನಾನು ಊರಲ್ಲಿರಲಿಲ್ಲ. ಬಾಗಿಲು ಯಾರ ಪಾಲಿಗೆ ಹೋಯಿತೋ ತಿಳಿಯಲಿಲ್ಲ.

ಮಗ ಸಿಂಧನೂರಿನಲ್ಲಿ ಮನೆ ಕಟ್ಟಿಸಿದಾಗ ಬಾಗಿಲು ಆರಿಸಲು ನನ್ನನ್ನೂ ಅಂಗಡಿಗೆ ಕರೆದೊಯ್ದ. ಸಾಲಾಗಿ ನಿಲ್ಲಿಸಿದ್ದರು, ಬೆಲೆ ಅಂಟಿಸಿದ್ದರು. "ಯಾವ ಬಣ್ಣ ಬೇಕ್ರಿ ಅಮ್ಮ?" ಎಂದು ಕೇಳಿದರು. ಚಹಾ ಕುಡಿಯುವುದರೊಳಗೆ ಮನೆಗೆ ಬೇಕಾದ ಬಾಗಿಲೆಲ್ಲ ಕೊಂಡಾಯಿತು. ಯಾರೂ ಬೈಯಲಿಲ್ಲ, ಯಾರೂ ಹೊಗಳಲಿಲ್ಲ. ಅವನ್ನು ಕೂಡಿಸಿದ ದಿನ ಮೊಮ್ಮಗಳು ನನ್ನ ಸೆರಗು ಹಿಡಿದು, "ಅಜ್ಜಿ, ಇದನ್ನ ಯಾರ ಮಾಡ್ಯಾರ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ.