ರೇಷ್ಮೆ ಎಳೆ ಸಿಕ್ಕಿಕೊಂಡ ಬೆರಳು

ಮೊಳಕಾಲ್ಮುರಿನ ಕೃಷ್ಣಮೂರ್ತಿಯ ಮಗ್ಗದ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಸೋಮವಾರ ಬೆಳಿಗ್ಗೆ ಕೂಲಿ ನೇಕಾರರೆಲ್ಲ ಸಾಲಾಗಿ ನಿಂತು ಕೈ ಚಾಚಬೇಕು. ಮಾಲೀಕ ಒಂದೇ ಒಂದು ರೇಷ್ಮೆ ಎಳೆ ಹಿಡಿದು ಒಬ್ಬೊಬ್ಬರ ಬೆರಳ ತುದಿಯ ಮೇಲೂ ಎಳೆಯುತ್ತಿದ್ದ. ಜಾರಿದರೆ ಮಗ್ಗದ ಗುಂಡಿಗೆ ಇಳಿ. ಸಿಕ್ಕಿಕೊಂಡರೆ ಮನೆಗೆ ಹೋಗು. ಒರಟು ಬೆರಳು ತಾಗಿದರೆ ಸೀರೆಯ ಸೆರಗು ಹಾಳಾಗುತ್ತದೆ ಎಂಬುದು ನಿಜವೇ. ಕೂಲಿಯವನ ಹೊಟ್ಟೆ ಹಾಳಾದರೆ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಅಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ.

ಚಿಕ್ಕೀರಪ್ಪ ಹನ್ನೆರಡು ವರ್ಷ ಆ ಸಾಲಿನಲ್ಲಿ ನಿಂತು ಗೆದ್ದವನು. ತೊಂಬತ್ತೈದರ ಬೇಸಿಗೆಯಲ್ಲಿ ಮಾಲೀಕನ ಮನೆಯ ಮದುವೆಗೆ ಚಳ್ಳಕೆರೆಯಿಂದ ಆರ್ಕೆಸ್ಟ್ರಾ ಬಂತು. ಊರೆಲ್ಲ ಹಾಡುವವಳನ್ನು ನೋಡುತ್ತಿದ್ದರೆ ಇವನ ಕಾಲು ಹಿಂದೆ ನಿಂತವನ ಕಡೆ ಹೋಯಿತು. ಆ ಮನುಷ್ಯನ ಕೈಲಿದ್ದ ಉದ್ದನೆಯ ಗಿಟಾರಿನ ದನಿ ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿಸುತ್ತಿತ್ತು. ಹನ್ನೆರಡು ವರ್ಷ ಗುಂಡಿಯಲ್ಲಿ ಕೂತು ಮಣೆ ತುಳಿದ ಅಂಗಾಲು ಅದು.

ಹಾಡು ಮುಗಿದ ಮೇಲೆ ಹತ್ತಿರ ಹೋದ. "ನಾಕೇ ತಂತೀನೇನ್ರಿ ಅಣ್ಣಾ?"

"ನಾಕು ಸಾಲಲ್ವೇನ್ಲೇ? ಹೆಣ ಹೊರಾಕೂ ನಾಕೇ ಜನ."

ಅವನೇ ಹನುಮಣ್ಣ. ಹದಿನೈದು ವರ್ಷ ಬೆಂಗಳೂರಿನ ದಂಡು ಪ್ರದೇಶದ ಒಂದು ಹೋಟೆಲಿನಲ್ಲಿ ತಟ್ಟೆ ಎತ್ತಿದವನು. ಅಲ್ಲಿ ಸಂಜೆ ಹೊತ್ತು ಜಾಜ್ ನುಡಿಸುತ್ತಿದ್ದ ಮುದುಕನ ಕೈಕಾಲು ಹಿಡಿದು ಬೇಸ್ ಗಿಟಾರ್ ಕಲಿತಿದ್ದ. ಹೋಟೆಲು ಮುಚ್ಚಿದ ಮೇಲೆ ಆ ಗಿಟಾರನ್ನೇ ಹೊತ್ತು ಚಳ್ಳಕೆರೆಗೆ ಬಂದು, ಹಗಲು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ. ಮದುವೆ ಕಾಲಕ್ಕೆ ಆರ್ಕೆಸ್ಟ್ರಾ. ಅವನ ಜಾಜನ್ನು ಕೇಳುವ ಒಂದು ನಾಯಿಯೂ ಚಳ್ಳಕೆರೆಯಲ್ಲಿ ಇರಲಿಲ್ಲ.

ಪ್ರತಿ ಭಾನುವಾರ ಚಿಕ್ಕೀರಪ್ಪ ಚಳ್ಳಕೆರೆ ಬಸ್ಸು ಹತ್ತತೊಡಗಿದ. ಕಾಗದವಿಲ್ಲ, ಪುಸ್ತಕವಿಲ್ಲ, ಬಾಯಿಪಾಠ.

"ಕುರಿ ಹಿಂದೆ ಹೋಗೋನ್ನ ನೋಡಿದೀಯಾ? ಕುರಿ ಅತ್ಲಾಗೆ ಓಡ್ಲಿ, ಇತ್ಲಾಗೆ ಓಡ್ಲಿ, ಅವನ ಹೆಜ್ಜೆ ಅವನದ್ದೇ. ಜಾಜ್‌ನಾಗೆ ಊದೋರು, ಬಡಿಯೋರು ಎಲ್ಲಾ ಕುರಿ ಕಣಲೇ. ಅವ್ರಿಗೆ ಹೆಂಗೆ ಬೇಕೋ ಹಂಗೆ ಹೋಗ್ತಾರೆ. ನೀನು ನಡೀತಾ ಇರ್ಬೇಕು. ನಾಕು ಎಣಿಕೆಗೆ ನಾಕು ಹೆಜ್ಜೆ. ತಪ್ಪು ಸ್ವರ ಹಾಕಿದ್ರೂ ಪರ್ವಾಗಿಲ್ಲ, ನಿಲ್ಲಂಗಿಲ್ಲ."

ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನೇರ ನುಗ್ಗಬಾರದು ಎನ್ನುತ್ತಿದ್ದ. "ಹೊಸ್ತಿಲ ಮ್ಯಾಲೆ ಒಂದ್ ಕಾಲಿಡು, ಆಮೇಲೆ ಒಳಕ್ಕೆ ಹೋಗು." ಪಕ್ಕದ ಅರ್ಧ ಸ್ವರವೇ ಆ ಹೊಸ್ತಿಲು. ಇಷ್ಟು ಕೈಗೆ ಹತ್ತಲು ಚಿಕ್ಕೀರಪ್ಪನಿಗೆ ಒಂದು ವರ್ಷ ಬೇಕಾಯಿತು. ಮನೆಯಲ್ಲಿ ಮುರಿದ ಮಗ್ಗದ ತೊಲೆಗೆ ಹನುಮಣ್ಣ ಕೊಟ್ಟ ಹಳೆಯ ತಂತಿ ಬಿಗಿದುಕೊಂಡು, ಸದ್ದೇ ಬರದ ಆ ಕಟ್ಟಿಗೆಯ ಮೇಲೆ ದಿನಾ ಬೆಳಿಗ್ಗೆ ಬೆರಳು ತೇಯುತ್ತಿದ್ದ.

ಬೆರಳಿಗೆ ಜಡ್ಡು ಬಂತು. ಒಂದು ಸೋಮವಾರ ಎಳೆ ಸಿಕ್ಕಿಕೊಂಡಿತು.

"ಏನ್ಲೇ ಚಿಕ್ಕೀರ, ಬೆರಳೋ, ಕತ್ತೆ ಗೊರಸೋ?" ಎಂದ ಕೃಷ್ಣಮೂರ್ತಿ. ಸಾಲಿನಲ್ಲಿದ್ದವರು ನಕ್ಕರು. ಆ ವಾರ ಮಗ್ಗ ಇಲ್ಲ.

ಮುಂದಿನ ಭಾನುವಾರ ಸಂಜೆ ಅವನು ಬಿಸಿನೀರಿನಲ್ಲಿ ಕೈ ನೆನೆಸಿ, ಬ್ಲೇಡಿನಿಂದ ಜಡ್ಡು ಕೆತ್ತಿ, ಕಲ್ಲಿಗೆ ಉಜ್ಜಿ, ಹರಳೆಣ್ಣೆ ಹಚ್ಚಿದ. ಎಳೆ ಜಾರಿತು. ಅಲ್ಲಿಂದ ಮುಂದೆ ಪ್ರತಿ ವಾರವೂ ಅದೇ. ಹಸಿ ಚರ್ಮದ ಮೇಲೆ ತಂತಿ ಒತ್ತುವುದು, ಗಟ್ಟಿಯಾಗುತ್ತಿದ್ದಂತೆ ಕೆತ್ತುವುದು.

"ಏಂ ಖರ್ಮರಾ ದೇವುಡಾ!" ಎಂದು ಹೆಂಡತಿ ಯರ್ರಮ್ಮ ಹಣೆ ಚಚ್ಚಿಕೊಂಡಳು. "ಹಾವಿಗೂ ವರ್ಷಕ್ಕೆ ನಾಕಾರು ಸಲ ಪೊರೆ. ನಿಂಗೆ ವಾರಾವಾರನಾ?"

ಹನುಮಣ್ಣನಿಗೆ ಅನುಮಾನ ಬರುತ್ತಿತ್ತು. "ಕೈ ಸರಿಯಾಗೇ ಹೋಗ್ತೈತೆ, ನಾದ ಮಾತ್ರ ಹಸೀ ಹಿಟ್ಟಿನಂಗೆ ಬರ್ತೈತಲ್ಲೋ." ಚಿಕ್ಕೀರಪ್ಪ ಬಾಯಿ ಬಿಡಲಿಲ್ಲ. ಹೇಳಿದರೆ ಮಗ್ಗವೋ ಗಿಟಾರೋ ಒಂದನ್ನು ಬಿಡು ಎನ್ನುತ್ತಾನೆ. ಮಗ್ಗ ಬಿಟ್ಟರೆ ಒಲೆ ಹತ್ತುವುದಿಲ್ಲ. ಗಿಟಾರು ಬಿಟ್ಟರೆ ಉಳಿಯುವುದು ಗುಂಡಿ ಮಾತ್ರ. ಹೀಗೆ ಮೂರು ವರ್ಷ ಎರಡು ದೋಣಿಯಲ್ಲಿ ಕಾಲಿಟ್ಟುಕೊಂಡೇ ಕಳೆದ.

ತೊಂಬತ್ತೊಂಬತ್ತರಲ್ಲಿ ಬಳ್ಳಾರಿಯ ಒಂದು ಹೊಸ ಹೋಟೆಲಿಗೆ ಸಂಜೆಯ ಬ್ಯಾಂಡು ಬೇಕಾಯಿತು. ಅದರಲ್ಲಿ ಊದುವವನು ಹನುಮಣ್ಣನ ಹಳೆಯ ಗೆಳೆಯ, ಅವನನ್ನೇ ಕರೆದ. ಅಷ್ಟರಲ್ಲಿ ಮಿಲ್ಲಿನ ದೂಳು ಹನುಮಣ್ಣನ ಎದೆ ತಿಂದಿತ್ತು, ನಿಂತು ಒಂದು ಹಾಡು ಮುಗಿಸುವ ಉಸಿರಿರಲಿಲ್ಲ. ಗಿಟಾರನ್ನು ಚಿಕ್ಕೀರಪ್ಪನ ಹೆಗಲಿಗೆ ಹಾಕಿದ. "ಭಾನುವಾರ ಹೋಗಿ ನುಡಿಸು. ಒಪ್ಪಿದ್ರೆ ಆ ಗುಂಡಿಗೆ ಉಗಿದು ಹೊರಟೋಗು."

ಆ ವಾರ ಮಗ್ಗದ ಮೇಲಿದ್ದದ್ದು ಮದುವೆ ಸೀರೆಯ ಸೆರಗು. ಶುಕ್ರವಾರ ಕೃಷ್ಣಮೂರ್ತಿ ಇದ್ದಕ್ಕಿದ್ದಂತೆ ಎಳೆ ಹಿಡಿದು ಬಂದ. ತೋರುಬೆರಳಿಗೆ ಸಿಕ್ಕಿಕೊಂಡಿತು. "ನಯ ಮಾಡ್ಕೊಂಡ್ ಬಾ, ಇಲ್ಲಾಂದ್ರೆ ಸೀರೆ ಬೇರೆಯವ್ರಿಗೆ." ಸೀರೆ ಬಿಟ್ಟು, ಭಾನುವಾರದವರೆಗೆ ಎರಡೇ ದಿನ ಬೆರಳು ಕಾಯ್ದುಕೊಂಡಿದ್ದರೆ ಆಗುತ್ತಿತ್ತು. ಆದರೆ ಅರ್ಧ ನೇಯ್ದ ಸೀರೆಯನ್ನು ಇನ್ನೊಬ್ಬನ ಕೈಗೆ ಕೊಡುವುದು ನೇಕಾರನಿಗೆ ಅರ್ಧ ಉಂಡ ತಟ್ಟೆ ಕಿತ್ತುಕೊಂಡ ಹಾಗೆ. ಚಿಕ್ಕೀರಪ್ಪ ಹಿತ್ತಲಿಗೆ ಹೋಗಿ, ನೀರು ಬಿಸಿಯಾಗುವುದಕ್ಕೂ ಕಾಯದೆ ಒಣ ಬೆರಳಿಗೇ ಬ್ಲೇಡು ಹಾಕಿದ. ಆಳಕ್ಕೆ ಇಳಿಯಿತು. ಚಿಂದಿ ಸುತ್ತಿ, ರಕ್ತ ನಿಂತ ಮೇಲೆ ಬಿಚ್ಚಿ, ಸೆರಗು ಮುಗಿಸಿದ. ಸೀರೆಗೆ ಒಂದು ಹನಿ ಕಲೆ ತಾಗಲಿಲ್ಲ.

ಭಾನುವಾರದ ಹೊತ್ತಿಗೆ ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಆದರೂ ಬಳ್ಳಾರಿಗೆ ಹೋದ. ಮೊದಲ ಸುತ್ತು ನಡೆದ. ಎರಡನೇ ಸುತ್ತಿನಲ್ಲಿ ದಪ್ಪ ತಂತಿ ಗಾಯದೊಳಕ್ಕೆ ಇಳಿಯಿತು, ಕೈ ತಾನಾಗಿಯೇ ಬಿಟ್ಟಿತು. ಊದುವವನು ಊದುತ್ತಲೇ ತಿರುಗಿ ನೋಡಿದ. ಅವನ ಸ್ವರದ ಕೆಳಗೆ ನೆಲ ಇರಲಿಲ್ಲ.

ಬುಧವಾರ ಆಸ್ಪತ್ರೆಯಲ್ಲಿ ಕೊಳೆಯತೊಡಗಿದ ತೋರುಬೆರಳನ್ನು ಅರ್ಧಕ್ಕೆ ತೆಗೆದರು.

ಸುದ್ದಿ ಕೇಳಿದ ಹನುಮಣ್ಣ ಹಾಸಿಗೆಯಲ್ಲೇ ಎದ್ದು ಕೂತ. "ಜಡ್ಡು ಅಂದ್ರೇನು ಅಂದ್ಕಂಡ್ಯೋ ಬೋಸುಡಿಕೆ? ಅದೇ ವಿದ್ಯೆ ಕಣೋ. ನಾನು ವಾರಾವಾರ ಕೊಟ್ಟೆ, ನೀನು ವಾರಾವಾರ ಕೆತ್ತಿ ಮೋರಿಗೆ ಚೆಲ್ದೆ." ಗಿಟಾರನ್ನು ವಾಪಸು ಕೇಳಲಿಲ್ಲ. ಎರಡು ತಿಂಗಳಿಗೆ ಸತ್ತ. ಹೊತ್ತವರು ನಾಲ್ಕು ಜನ, ಚಿಕ್ಕೀರಪ್ಪ ಒಬ್ಬ.

ಕತ್ತರಿಸಿದ ಬೆರಳಿನ ತುದಿ ಒರಟಾಗಿ ಮಾಯಿತು. ಸೋಮವಾರ ಎಳೆ ಸಿಕ್ಕಿಕೊಂಡಿತು. ಕೃಷ್ಣಮೂರ್ತಿ ಮುಂದಿನವನ ಕೈ ಹಿಡಿದ. ಚಿಕ್ಕೀರಪ್ಪ ಬಣ್ಣದ ಕೊಪ್ಪರಿಗೆಗೆ ಸೌದೆ ಹಾಕುವ ಕೆಲಸಕ್ಕೆ ಬಿದ್ದ.

ಐದಾರು ವರ್ಷ ಕಳೆದ ಮೇಲೆ ಚಿತ್ರಾ ಎಂಬ ಇಪ್ಪತ್ತರ ಹುಡುಗಿ, ಅದೇ ಮಗ್ಗದ ಮನೆಯ ಕೂಲಿಯವಳು, ಬೇಸ್ ಕಲಿಸಿ ಎಂದು ಬಂದಳು.

"ಮಗ್ಗಕ್ಕೆ ಕೂರ್ತೀಯಾ?"

"ಹೂಂ, ಮಾವ."

"ಹಂಗಾದ್ರೆ ಎದ್ದೋಗು."

ಅವಳು ಹೋಗಲಿಲ್ಲ. ಮೂರೂವರೆ ಬೆರಳಿನಲ್ಲಿ ತೋರಿಸಬಹುದಾದಷ್ಟನ್ನು ಕೈಯಿಂದ, ಉಳಿದದ್ದನ್ನು ಬಾಯಿಂದ ಹೇಳಿಕೊಟ್ಟ. ನಾಲ್ಕು ತಿಂಗಳಿಗೆ ಒಂದು ಸಂಜೆ ಅವಳ ಎಡಗೈ ಚಾಚಿಸಿ, ಕಸದಲ್ಲಿ ಸಿಕ್ಕ ರೇಷ್ಮೆ ಎಳೆಯೊಂದನ್ನು ಬೆರಳ ತುದಿಗಳ ಮೇಲೆ ಎಳೆದ. ಸಿಕ್ಕಿಕೊಂಡಿತು. ನಾಲ್ಕಕ್ಕೆ ನಾಲ್ಕರಲ್ಲೂ.

"ನಾಳೆ ಸೋಮವಾರ," ಎಂದಳು ಚಿತ್ರಾ.

"ಗೊತ್ತು. ಬ್ಲೇಡ್ ಮುಟ್ಟಿದ್ರೆ ಈ ಕಡೆ ಬರ್ಬೇಡ."

ಮರುದಿನ ಮಧ್ಯಾಹ್ನವೇ ಅವಳವ್ವ ಬಾಗಿಲಲ್ಲಿ ನಿಂತು ಮಣ್ಣು ತೂರಿದಳು. "ನಿನ್ ಬೆರಳು ತಿಂದ್ಕಂಡಿದ್ದು ಸಾಲ್ದೇನೋ? ನಮ್ ಒಲೆ ಆರಿಸ್ದೆಲ್ಲೋ ಮೂದೇವಿ!"

ಒಳಗೆ ಗಿಟಾರಿನ ಮೇಲೆ ಚಿತ್ರಾಳ ಕೈ ನಿಂತಿತು.

"ನಡಿ," ಎಂದ ಚಿಕ್ಕೀರಪ್ಪ ಒಳಕ್ಕೆ ತಿರುಗಿ. ಅವ್ವ ಹೇಳಿದ್ದು ಸುಳ್ಳಲ್ಲವೆಂದು ಅವನಿಗೂ ಗೊತ್ತಿತ್ತು. "ನಿಲ್ಲಂಗಿಲ್ಲ."